ಅತ್ತೆ ಹೇಳಿದ್ದಷ್ಟೇ

ಅಂದು ಬೆಳಿಗ್ಗೆ ಅಮೆರಿಕಾದ ಕ್ಯಾಂಟನ್ನಿನಲ್ಲಿ, ಬಿದ್ದ ಹನಿ ಬಿದ್ದಲ್ಲೇ ಗಾಜಾಗುವಂಥ ಮಳೆ. ಮಾರ್ಚ್ ತಿಂಗಳು ಕಾಲಿಟ್ಟಿದ್ದರೂ ಚಳಿ ಮೂವತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಲಾರೆನೆಂದು ಹಟ ಹಿಡಿದಿತ್ತು. ಮೇಪಲ್ ಮರಗಳ ಕೊಂಬೆಗಳೆಲ್ಲ ಗಾಜಿನ ಬಳೆ ತೊಟ್ಟು, ಗಾಳಿ ಬೀಸಿದಾಗ ಕಿಣಿಕಿಣಿ ಎನ್ನುತ್ತಿದ್ದವು. ಶಾಲೆ ಎರಡು ಗಂಟೆ ತಡವೆಂದು ಮೆಸೇಜ್ ಬಂದಿತ್ತು. ಅಂಥ ಜಾರುವ ದಾರಿಯಲ್ಲಿ ಡೆಟ್ರಾಯಿಟಿನಿಂದ ಇಪ್ಪತ್ತೈದು ಮೈಲಿ ಡ್ರೈವ್ ಮಾಡಿಕೊಂಡು ಬಂದು, ಬಾಡಿಗೆಗಿದ್ದ ಆ ಖಾಲಿ ಮನೆಯನ್ನು ನೋಡಿ, ನಗುತ್ತ ಕೈಬೀಸಿ ಹೋಗಿದ್ದಳು ಲೊರೆಟಾ ಎಂಬ ಕಪ್ಪು ಹೆಂಗಸು. ಅವಳ ಕಾರು ತಿರುವು ದಾಟಿತೋ ಇಲ್ಲವೋ, ಮನೆಯ ಒಡತಿ ಪದ್ಮಮ್ಮ ತಮ್ಮ ಕೈಚೀಲದಿಂದ ಸಣ್ಣದೊಂದು ಬಾಟಲಿ ತೆಗೆದರು. ಅದರಲ್ಲಿ ಅರಿಸಿನದ ನೀರಿತ್ತು.

"ಬಾಗಿಲು ಮುಂದೆ ಮಾಡೇ ವಸುಧಾ, ಚಳಿ ನುಗ್ಗತ್ತೆ," ಎಂದು ಸೊಸೆಗೆ ಹೇಳಿ, ಲೊರೆಟಾ ತಿರುಗಿಸಿ ನೋಡಿದ್ದ ನಲ್ಲಿ, ತೆರೆದು ನೋಡಿದ್ದ ಕಪಾಟಿನ ಹಿಡಿ, ಒಂದು ಕ್ಷಣ ಕೈಯೂರಿ ನಿಂತಿದ್ದ ಒಲೆಯ ಕಟ್ಟೆ, ಎಲ್ಲದರ ಮೇಲೂ ಮಂತ್ರ ಗುಣುಗುತ್ತ ಚಿಮುಕಿಸಿದರು.

ಹನ್ನೊಂದು ವರ್ಷದ ಮೊಮ್ಮಗಳು ಜಾನ್ವಿ ಬೆರಗಾಗಿ ನೋಡುತ್ತಿದ್ದಳು. "ಅಜ್ಜಿ, ವೈ ಆರ್ ಯೂ ಡೂಯಿಂಗ್ ದಟ್? ಶೀ ವಾಸ್ ಸೋ ನೈಸ್!"

"ನೈಸ್ ಆದ್ರೆ ಏನು ಬಂತು ಪುಟ್ಟಾ? ಮನೆ ಅಂದ್ಮೇಲೆ ಒಂದು ಮಡಿ ಬೇಡ್ವಾ? ಹೋಗು, ಕಾರಲ್ಲಿ ಕೂತ್ಕೋ." ಆಮೇಲೆ ಸೊಸೆಯ ಕಡೆ ತಿರುಗಿ, "ಮೆಸೇಜ್ ಹಾಕ್ಬಿಡು. ಸಾರಿ, ಮನೆ ಆಗ್ಲೇ ಹೋಯ್ತು ಅಂತ. ಪ್ರತೀ ಸಲ ಹಾಕ್ತೀಯಲ್ಲ, ಹಾಗೇ," ಎಂದರು.

ವಸುಧಾ ಫೋನು ಕೈಗೆತ್ತಿಕೊಂಡಳು. ಬೆರಳು ಮೇಲೇಳಲಿಲ್ಲ. ಲೊರೆಟಾ ಹೇಳಿದ ಮಾತು ಇನ್ನೂ ಕಿವಿಯಲ್ಲಿತ್ತು. ಆ ಮನೆ ಪದ್ಮಮ್ಮನ ಪತಿ ಬದರೀನಾಥರು ಮೊದಲು ಕೊಂಡದ್ದು. ಮಹಡಿಯಿಲ್ಲ, ಮೆಟ್ಟಿಲಿಲ್ಲ. ಅವರ ಕೊನೆಗಾಲದಲ್ಲಿ ಗಾಲಿಕುರ್ಚಿ ಹತ್ತಲೆಂದು ಬಾಗಿಲಿಗೆ ಮರದ ಇಳಿಜಾರನ್ನೂ ಕಟ್ಟಿಸಿದ್ದರು. ಅವರು ತೀರಿಕೊಂಡ ಮೇಲೆ ಮಗ ಶ್ರೀಹರಿ ಹೊಸ ಬಡಾವಣೆಯ ದೊಡ್ಡ ಮನೆಗೆ ತಾಯಿಯನ್ನು ಕರೆದುಕೊಂಡು ಹೋದ. ಈ ಮನೆ ಬಾಡಿಗೆಗೆ ಬಿತ್ತು. ಲೊರೆಟಾ ಹತ್ತಿರದ ಆಸ್ಪತ್ರೆಯಲ್ಲಿ ನರ್ಸು. ಅವಳ ಎಂಬತ್ತಾರು ವರ್ಷದ ತಾಯಿ ಎರಡನೆಯ ಮಹಡಿಯ ಫ್ಲಾಟಿನಿಂದ ಕೆಳಗಿಳಿಯದೆ ಎಂಟು ತಿಂಗಳಾಗಿತ್ತಂತೆ. ಆ ಇಳಿಜಾರಿನ ಮೇಲೆ ನಿಂತು ಲೊರೆಟಾ ಕಣ್ಣೊರೆಸಿಕೊಂಡಿದ್ದಳು. "ನಮ್ಮಮ್ಮ ಬರುತ್ತಾಳೆ ಎಂದು ಗೊತ್ತಿದ್ದವರೇ ಇದನ್ನು ಕಟ್ಟಿಸಿದ ಹಾಗಿದೆ. ಇಲ್ಲಿಗೆ ಬಂದರೆ ಅವಳು ಮತ್ತೆ ಬಿಸಿಲು ನೋಡುತ್ತಾಳೆ..."

ಆ ತಾಯಿಯ ಬಿಸಿಲಿಗೆ ಈಗ ವಸುಧಾಳ ಬೆರಳೇ ಅಡ್ಡ!

ಅರಿಸಿನದ ವಾಸನೆ ಮೂಗಿಗೆ ಬಡಿಯಿತು. ಹಳ್ಳಿಯಲ್ಲಿ ನಮ್ಮ ಅಜ್ಜಿಯರು ಮಲಗುವ ಮುಂಚೆ ಒಲೆಯ ಕೆಂಡದ ಮೇಲೆ ಬೂದಿ ಎಳೆದಿಡುತ್ತಿದ್ದರು. ಆರಿಹೋಗಲೆಂದಲ್ಲ, ಬೆಳಿಗ್ಗೆ ಊದಿದೊಡನೆ ಹೊತ್ತಿಕೊಳ್ಳಲೆಂದು. ವಸುಧಾಳ ಎದೆಯಲ್ಲೂ ಅಂಥ ಕೆಂಡವೊಂದು ಹನ್ನೊಂದು ವರ್ಷದಿಂದ ಬೂದಿ ಹೊದ್ದು ಮಲಗಿತ್ತು. ಅಂದು ಆ ವಾಸನೆ ಅದನ್ನು ಊದಿತು.

ಅವಳ ತಂದೆ ನಾಗರಾಜ ಮೇಷ್ಟ್ರು ಸಂತೇಮರಹಳ್ಳಿ ಕಡೆಯ ಹೊಲೆಗೇರಿಯಲ್ಲಿ ಹುಟ್ಟಿ, ಮೂವತ್ತೈದು ವರ್ಷ ಊರ ಮಕ್ಕಳೆಲ್ಲರಿಗೂ ಅಕ್ಷರ ಕಲಿಸಿದವರು. ಮೈಸೂರಿನಲ್ಲಿ ಶ್ರೀಹರಿ ಅವಳ ಕೈಹಿಡಿದಾಗ ಪದ್ಮಮ್ಮ ಒಂದೇ ಷರತ್ತು ಹಾಕಿದ್ದರು: "ಆಯ್ತು, ಮಾಡ್ಕೋ. ಆದ್ರೆ ಅಮೆರಿಕಾದಲ್ಲಿ ಯಾರಿಗೂ ಗೊತ್ತಾಗಬಾರದು. ಕೇಳಿದ್ರೆ ಮೈಸೂರು ಕಡೆಯವರು, ಮೇಷ್ಟ್ರ ಮನೆ ಅಂದ್ರೆ ಸಾಕು." ಜಾನ್ವಿ ಹುಟ್ಟಿದಾಗ ಮೇಷ್ಟ್ರು ಮೊಮ್ಮಗಳನ್ನು ನೋಡಲು ಬಂದರು. ಸೋಫಾದ ತುದಿಯಲ್ಲಿ ಕೂತು ಕಾಫಿ ಕುಡಿದರು. ಹೊರಡುವಾಗ ಗರಾಜಿನವರೆಗೆ ಬಂದವರು, "ಕೂಸೇ, ಉಣ್ಣೆ ಟೋಪಿ ಒಳಗೇ ಮರ್ತುಬುಟ್ಟೆ," ಎಂದು ನಕ್ಕು, ಮಗಳ ಜೊತೆ ಹಿಂತಿರುಗಿದರು. ಬಾಗಿಲು ತೆಗೆದರೆ... ಪದ್ಮಮ್ಮ ಬಗ್ಗಿ, ಅವರು ಕೂತಿದ್ದ ಜಾಗವನ್ನು ಅರಿಸಿನದ ನೀರಿನಲ್ಲಿ ಒರೆಸುತ್ತಿದ್ದರು! ಮೇಷ್ಟ್ರು ಸದ್ದಿಲ್ಲದೆ ಬಾಗಿಲು ಮುಂದೆ ಮಾಡಿದರು. ಬರಿತಲೆಯಲ್ಲೇ ವಿಮಾನ ಹತ್ತಿದರು. ಮತ್ತೆಂದೂ ಬರಲಿಲ್ಲ. ಮೂರು ವರ್ಷಕ್ಕೆ ಸತ್ತ ಸುದ್ದಿಯೇ ಬಂತು. ಮಗಳಿಗೆ ಅವರು ಆ ದಿನದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಯ್ಯೋ, ಬೈದಿದ್ದರೂ ಆಗುತ್ತಿತ್ತು!

ವಸುಧಾ ಮೆಸೇಜ್ ಕಳಿಸಿದಳು: ಮನೆ ಆಗಲೇ ಹೋಯಿತು, ಕ್ಷಮಿಸಿ. ಅತ್ತೆಗೆ ತೋರಿಸಿದಳು. "ಜಾಣೆ," ಎಂದರು ಅತ್ತೆ. ಮಧ್ಯಾಹ್ನ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಅವಳು ಲೊರೆಟಾಗೆ ಫೋನು ಮಾಡಿದಳು. "ನಾನು ಕಳಿಸಿದ್ದು ಸುಳ್ಳು. ಮನೆ ಖಾಲಿಯಿದೆ. ನೀವು ಕಪ್ಪಗಿದ್ದೀರೆಂದು ನಮ್ಮತ್ತೆ ಬೇಡವೆಂದರು. ಬಾಡಿಗೆಯಲ್ಲಿ ಭೇದ ಮಾಡುವವರ ವಿಚಾರಣೆಗೆಂದೇ ಒಂದು ಕಚೇರಿ ಇದೆ. ಹೋಗಿ ದೂರು ಕೊಡಿ."

ಆ ಕಡೆಯಿಂದ ಲೊರೆಟಾ ಕೇಳಿದಳು: "ನೀನು ಇದನ್ನು ನನಗೆ ಯಾಕೆ ಹೇಳುತ್ತಿದ್ದೀಯ?"

"ನನ್ನದೂ ಒಂದು ಲೆಕ್ಕ ಬಾಕಿಯಿದೆ," ಎಂದಳು ವಸುಧಾ.

ಮುಂದಿನ ಶನಿವಾರ ಹೀದರ್ ಎಂಬ ಬಿಳಿಯ ಹೆಂಗಸು ಮನೆ ಕೇಳಿಕೊಂಡು ಬಂದಳು. ಬಣ್ಣ ನೋಡಿ ಬಾಗಿಲು ತೆರೆಯುತ್ತಾರೋ ಮುಚ್ಚುತ್ತಾರೋ ಎಂದು ಪರೀಕ್ಷಿಸಲು ಆ ಕಚೇರಿಯವರು ಹೀಗೆ ಜನ ಕಳಿಸುತ್ತಾರೆ. ಅವಳು ಬಾಡಿಗೆಗೆ ಬಂದವಳಲ್ಲವೆಂದು ವಸುಧಾ ನೋಡಿದೊಡನೆ ಊಹಿಸಿದಳು. ಪದ್ಮಮ್ಮನಿಗೆ ಎಲ್ಲಿಂದ ಗೊತ್ತಾಗಬೇಕು? ಅವರ ಇಂಗ್ಲಿಷು ಮೂವತ್ತು ವರ್ಷವಾದರೂ ತರಕಾರಿ ಅಂಗಡಿಯ ಬಾಗಿಲು ದಾಟಿರಲಿಲ್ಲ. ಮುಖ್ಯ ಮಾತೇನಿದ್ದರೂ ಅವರು ಕನ್ನಡದಲ್ಲಿ ಹೇಳುವುದು, ಸೊಸೆ ಇಂಗ್ಲಿಷಿನಲ್ಲಿ ಒಪ್ಪಿಸುವುದು; ಅದು ಆ ಮನೆಯ ಪದ್ಧತಿ. ಹಾಗೆ ಒಪ್ಪಿಸುವಾಗ ವಸುಧಾ ಜರಡಿ ಹಿಡಿಯುತ್ತಿದ್ದಳು. ಪಕ್ಕದ ಮನೆಯವಳು ಕೇಕು ತಂದಾಗ ಅತ್ತೆ, "ದನ ತಿನ್ನೋ ಕೈಯಿಂದ ತಂದಿದಾಳೆ, ಕಸಕ್ಕೆ ಹಾಕು," ಎಂದರೆ, "ನಮ್ಮತ್ತೆಗೆ ತುಂಬ ಸಂತೋಷವಾಯಿತಂತೆ," ಎಂದು ಅವಳು ನಗುತ್ತಿದ್ದಳು. ಹನ್ನೊಂದು ವರ್ಷ ಆ ಜರಡಿಯೇ ಅತ್ತೆಯ ಮಾನ ಕಾಯ್ದಿತ್ತು. ಪದ್ಮಮ್ಮನಿಗೆ ಜರಡಿಯಿದೆಯೆಂಬುದೇ ಮರೆತುಹೋಗಿತ್ತು.

"ಮನೆ ಇನ್ನೂ ಖಾಲಿಯಿದೆಯಾ?" ಎಂದು ಕೇಳಿದಳು ಹೀದರ್.

"ಎಮ್ಟಿ, ಎಮ್ಟಿ!" ಪದ್ಮಮ್ಮ ಅರಳಿದರು. "ನಾಳೇನೇ ಬರ್ಲಿ ಅನ್ನು. ಎಷ್ಟು ಲಕ್ಷಣವಾಗಿದಾಳೆ ನೋಡು. ಮಾಂಸ ತಿಂದ್ರೂ ಇವರು ಕ್ಲೀನಾಗಿರ್ತಾರೆ, ಪರವಾಗಿಲ್ಲ."

ವಸುಧಾ ಒಂದೊಂದು ಮಾತನ್ನೂ ಇದ್ದ ಹಾಗೆ ಒಪ್ಪಿಸಿದಳು. ಹೀದರಳ ಪೆನ್ನು ಕಾಗದದ ಮೇಲೆ ಓಡಿತು.

"ಬೇರೆ ಯಾರಾದರೂ ನೋಡಿಕೊಂಡು ಹೋದರಾ?"

"ಕಪ್ಪಿನವಳೊಬ್ಬಳು ಬಂದಿದ್ಲು. ಅಂಥವ್ರಿಗೆ ನಾನು ಕೊಡಲ್ಲಪ್ಪ. ಮನೆ ಹೋಯ್ತು ಅಂತ ಹೇಳಿ ಸಾಗಹಾಕಿದ್ವಿ ಅನ್ನು." ಇಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಮಡಿವಂತರಿಗೆ ತಮ್ಮ ಮಡಿ ಎಲ್ಲರಿಗೂ ಭೂಷಣವಾಗಿಯೇ ಕಾಣುತ್ತದೆ ಎಂಬ ಭ್ರಮೆಯೊಂದಿದೆ. ಬಂದವಳಿಗೆ ಧೈರ್ಯ ತುಂಬಲೆಂದು ಪದ್ಮಮ್ಮ ಹೆಮ್ಮೆಯಿಂದ ಮುಂದುವರಿಸಿದರು. "ಯೋಚನೆ ಮಾಡ್ಬೇಡಿ ಅನ್ನು. ಅವಳು ಮುಟ್ಟಿದ ಕಡೆಯೆಲ್ಲ ಅರಿಸಿನದ ನೀರು ಹಾಕಿ, ಮಂತ್ರ ಹೇಳಿ ಶುದ್ಧಿ ಮಾಡಿದೀನಿ. ಈಗ ಏನೂ ದೋಷ ಇಲ್ಲ. ಸ್ವಲ್ಪ ಚೆನ್ನಾಗಿ ಹೇಳೇ, ನಮ್ಮ ಸಂಸ್ಕೃತಿ ತಿಳ್ಕೊಳ್ಳಲಿ."

ವಸುಧಾ ಕಣ್ಣು ಮುಚ್ಚಿ ತೆರೆದಳು. ಬರಿತಲೆಯ ಒಬ್ಬ ಮುದುಕರು ವಿಮಾನ ನಿಲ್ದಾಣದ ಬಾಗಿಲಲ್ಲಿ ಹಿಂತಿರುಗಿ ನೋಡದೆ ನಡೆದಂತೆ ಕಂಡಿತು. ಅವಳು ಚೆನ್ನಾಗಿಯೇ ಹೇಳಿದಳು. ನಲ್ಲಿ, ಕಪಾಟು, ಕಟ್ಟೆ, ಮಂತ್ರ, ಶುದ್ಧಿ, ದೋಷ. ಒಂದು ಪದವನ್ನೂ ಬಿಡಲಿಲ್ಲ, ಒಂದು ಪದವನ್ನೂ ಸೇರಿಸಲಿಲ್ಲ.

ಹೀದರ್ ಬಿಳಿಚಿಕೊಂಡಳು. ಪದ್ಮಮ್ಮ ಅದನ್ನು ಭಕ್ತಿಯೆಂದೇ ತಿಳಿದರು.

ಮೂರು ವಾರಕ್ಕೆ ರಿಜಿಸ್ಟರ್ಡ್ ಟಪಾಲು ಬಂತು. ಆ ಮೂರು ವಾರ ವಸುಧಾ ಎಂದಿಗಿಂತ ಚೆನ್ನಾಗಿ ನಿದ್ದೆ ಮಾಡಿದಳು. ಅತ್ತೆಗೆ ಇಷ್ಟವಾದ ಮಜ್ಜಿಗೆಹುಳಿ ಮಾಡಿ, ಬಿಸಿಬಿಸಿಯಾಗಿ ಬಡಿಸಿ, ಅವರು ಉಣ್ಣುವುದನ್ನು ನೋಡುತ್ತ ಕೂರುತ್ತಿದ್ದಳು. ದೇವರ ಮುಂದೆ ದೀಪ ಹಚ್ಚಿ ಮನಸ್ಸಿಗೆ ಶಾಂತಿ ಬೇಡಲಿಲ್ಲ; ಟಪಾಲು ಬೇಗ ಬರಲಿ ಎಂದು ಬೇಡಿದಳು. ಭಗವಂತ ಎಲ್ಲರ ಮೊರೆಯನ್ನೂ ಕೇಳುತ್ತಾನೆ. ಯಾವ ಮೊರೆಗೆ ಯಾವ ಹೊತ್ತಿನಲ್ಲಿ ಯಾಕೆ ಓಗೊಟ್ಟ ಎಂಬುದು ನಮಗೆ ಆಮೇಲೆ ತಿಳಿಯುತ್ತದೆ.

ಶ್ರೀಹರಿ ಕಾಗದ ಓದುತ್ತ ಓದುತ್ತ ಊಟದ ಮೇಜಿನ ಬಳಿಯೇ ಕುಸಿದು ಕೂತ. "ಅಮ್ಮ... ಇದನ್ನೆಲ್ಲ ಹೇಳಿದ್ದೀರಾ ನೀವು? ಅರಿಸಿನದ ನೀರು, ಶುದ್ಧಿ... ಎಲ್ಲ ಬರೆದಿದಾರೆ ಇಲ್ಲಿ!"

ಪದ್ಮಮ್ಮ ಮೊದಲು ಮಗನನ್ನು, ಆಮೇಲೆ ನಿಧಾನವಾಗಿ ಸೊಸೆಯನ್ನು ನೋಡಿದರು. "ಏನೇ... ಅದನ್ನೆಲ್ಲ ಹಾಗೇ ಹೇಳಿಬಿಟ್ಯಾ?"

"ನೀವು ಹೇಳಿದ್ದಷ್ಟೇ ಹೇಳಿದೆ ಅತ್ತೆ. ಒಂದು ಅಕ್ಷರ ಹೆಚ್ಚಿಲ್ಲ."

"ಬೇಕೂಂತ ಹೇಳಿದೀಯ! ಅನ್ನ ಹಾಕಿದ ಮನೆಗೆ ಕೊಳ್ಳಿ ಇಟ್ಯಲ್ಲೇ! ಎಷ್ಟು ತಿದ್ದಿದ್ರೂ ಹುಟ್ಟುಗುಣ ಹೋಗತ್ತಾ?" ಪದ್ಮಮ್ಮನ ದನಿ ನಡುಗಿ ಕೀರಲಾಯಿತು. "ಎಲ್ಲಿಂದ ತಂದು ಎಲ್ಲಿ ಕೂರಿಸಿದ್ವಿ ನಿನ್ನ..."

"ಎಲ್ಲಿಂದ ತಂದ್ರಿ? ಹೇಳಿ ಅತ್ತೆ, ಇವತ್ತಾದ್ರೂ ಬಾಯ್ಬಿಟ್ಟು ಹೇಳಿ! ಹನ್ನೆರಡು ವರ್ಷದಿಂದ ನನ್ನ ಊರಿನ ಹೆಸರೇ ಈ ಮನೇಲಿ ಯಾರೂ ಎತ್ತಿಲ್ಲ!"

"ವಸು, ಪ್ಲೀಸ್," ಶ್ರೀಹರಿ ಎದ್ದು ನಿಂತ. "ಅಮ್ಮನಿಗೆ ಎಪ್ಪತ್ತೊಂದು. ಈ ವಯಸ್ಸಲ್ಲಿ ಅವರನ್ನ ಆಫೀಸು, ಲಾಯರು ಅಂತ ಅಲೆದಾಡಿಸ್ತೀಯಾ?"

"ನಮ್ಮಪ್ಪನಿಗೆ ಅರವತ್ತೆಂಟಾಗಿತ್ತು ಶ್ರೀ. ಟೋಪಿ ಇಲ್ಲದೆ ಯಾಕೆ ವಾಪಸ್ ಬಂದ್ರು ಅಂತ ನೀನು ಒಂದು ಸಲನಾದ್ರೂ ಕೇಳಿದ್ಯಾ?"

ಅವನು ತಲೆ ತಗ್ಗಿಸಿದ. ಕೇಳಿದರೆ ಉತ್ತರ ಬರುತ್ತದೆಂಬ ಭಯದಿಂದಲೇ ಅಂದು ಕೇಳಿರಲಿಲ್ಲ.

"ಅತ್ತೆ, ಪ್ರತೀ ಯುಗಾದಿಗೂ ಎಲ್ಲರ ಮುಂದೆ ಒಂದು ಕತೆ ಹೇಳ್ತೀರಲ್ಲ," ಎಂದಳು ವಸುಧಾ, ಈಗ ದನಿ ತಗ್ಗಿಸಿ. "ನೀವು, ಮಾವ ಹೊಸದಾಗಿ ಬಂದಾಗ ಒಬ್ಬ ಬಿಳಿಯವನು ಮಾವನ ಮುಖ ನೋಡಿ, ಮನೆ ಆಗ್ಲೇ ಹೋಯ್ತು ಅಂದನಂತೆ. ಮಾವ ಕಾರಲ್ಲಿ ಕೂತು ಅತ್ತರಂತೆ. ಅದನ್ನ ಹೇಳುವಾಗ ನಿಮ್ಮ ಕಣ್ಣಲ್ಲೂ ನೀರು ಬರುತ್ತೆ. ಆ ಕಣ್ಣೀರಿಗೆ ಯಾವ ನೀರು ಚಿಮುಕಿಸಿ ಶುದ್ಧಿ ಮಾಡಿದ್ರಿ?"

ಪದ್ಮಮ್ಮ ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂದು ಊಟ ಮಾಡಲಿಲ್ಲ. ವಸುಧಾ ಮಾಡಿದಳು. ಎರಡು ಸಲ ಬಡಿಸಿಕೊಂಡು ಮಾಡಿದಳು!

ರಾಜಿ ಮಾತುಕತೆಗೆ ಡೆಟ್ರಾಯಿಟಿನ ಕಚೇರಿಗೆ ಕರೆ ಬಂತು. ಪದ್ಮಮ್ಮನ ಮಾತನ್ನು ಇಂಗ್ಲಿಷಿಗೆ ತರಲು ಈ ಬಾರಿ ಸೊಸೆಯಲ್ಲ, ಕಚೇರಿಯವರೇ ಗೊತ್ತುಮಾಡಿದ ದುಭಾಷಿ ಫೋನಿನಲ್ಲಿದ್ದಳು; ಯಾವುದೋ ಧಾರವಾಡದ ಕಡೆಯ ಹೆಣ್ಣುದನಿ. ಅಧಿಕಾರಿ ಹೀದರಳ ಬರಹವನ್ನು ಓದುತ್ತ ಹೋದಂತೆ ಆ ದನಿ ಅದನ್ನು ಕನ್ನಡಕ್ಕೆ ತಂದು, ಪದ್ಮಮ್ಮನ ಮಾತುಗಳನ್ನು ಪದ್ಮಮ್ಮನಿಗೇ ಕೇಳಿಸಿತು. "ಆಕೀ ಮುಟ್ಟಿದ್ದ ಕಡೆ ಎಲ್ಲಾ ಅರಿಷಿಣದ ನೀರು ಹಾಕೇನಿ, ಈಗ ದೋಷ ಇಲ್ಲ..." ಅಲ್ಲಿಗೆ ಬಂದಾಗ ಆ ಅಪರಿಚಿತ ದನಿಯೂ ಒಂದು ಕ್ಷಣ ತಡವರಿಸಿತು. "ಅಮ್ಮಾರ, ಇದು ನಿಮ್ಮ ಮಾತ ಹೌದಲ್ರೀ?"

ಮೇಜಿನ ಆಚೆ ಲೊರೆಟಾ ಕೂತಿದ್ದಳು. ತಾನು ಕೈಯೂರಿದ್ದ ಕಟ್ಟೆಯನ್ನು ತೊಳೆದರೆಂಬ ಮಾತಿಗೆ ತನ್ನ ಅಂಗೈಯನ್ನು ತಾನೇ ತಿರುಗಿಸಿ ನೋಡಿಕೊಂಡಳು.

"ಹೌದು," ಎಂದರು ಪದ್ಮಮ್ಮ. ಕೇಳಿಯೂ ಕೇಳದಷ್ಟು ಮೆಲ್ಲಗೆ.

ಇದೇ ಆ ಗಳಿಗೆ! ಹನ್ನೊಂದು ವರ್ಷ ಕಾದ ಗಳಿಗೆ! ವಸುಧಾ ಸಂತೋಷಕ್ಕಾಗಿ ಎದೆಯೊಳಗೆ ಹುಡುಕಿದಳು. ಅಷ್ಟರಲ್ಲಿ ಅಧಿಕಾರಿ ಕೇಳಿದ: "ಮನೆ ಹೋಯಿತೆಂಬ ಮೆಸೇಜ್ ಬರೆದವರು ಯಾರು?"

ಶ್ರೀಹರಿ ಗಾಬರಿಯಿಂದ ಹೆಂಡತಿಯ ಕಡೆ ನೋಡಿದ. ಅತ್ತೆ ಹೇಳಿ ಬರೆಸಿದ್ದೆಂದರೆ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ವಸುಧಾ ಬ್ಯಾಗಿನಿಂದ ಕಾಗದದ ಕಟ್ಟೊಂದನ್ನು ತೆಗೆದಿಟ್ಟಳು. "ನಾನು. ಇದೊಂದೇ ಅಲ್ಲ. ಆರು ವರ್ಷದಲ್ಲಿ ಏಳು ಮನೆಯವರಿಗೆ ಇದೇ ಸುಳ್ಳನ್ನು ಕಳಿಸಿದ್ದೇನೆ. ಹೆಸರು, ತಾರೀಖು, ನಂಬರು ಎಲ್ಲ ಇದರಲ್ಲಿವೆ. ಅವರನ್ನೂ ಹುಡುಕಿ ಹೇಳಿ. ಹಾಗೆಯೇ, ನನ್ನ ಹೆಸರನ್ನೂ ದೂರಿನಲ್ಲಿ ಸೇರಿಸಿ."

ಲೊರೆಟಾ ಅವಳನ್ನು ದಿಟ್ಟಿಸಿದಳು. "ಏಳು?"

"ಏಳು."

"ಅವರಲ್ಲಿ ಯಾರಿಗೂ ಫೋನು ಮಾಡಬೇಕೆನ್ನಿಸಲಿಲ್ಲವೇ ನಿನಗೆ?"

ವಸುಧಾ ಕಾಗದದ ಕಟ್ಟನ್ನು ಅಧಿಕಾರಿಯ ಕಡೆ ಸರಿಸಿದಳು. ಲೊರೆಟಾ ಅವಳಿಗೆ ಕೃತಜ್ಞತೆ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅಧಿಕಾರಿ ಪರಿಹಾರದ ಮೊತ್ತದ ಮಾತೆತ್ತಿದಾಗ ಅವಳು ಕೈಯೆತ್ತಿ ತಡೆದಳು.

"ಇವರ ದುಡ್ಡು ನನಗೆ ಬೇಡ. ಕಾನೂನಿನ ಪ್ರಕಾರ ಮನೆ ಕೊಡಲಿ, ಬಾಡಿಗೆ ನಾನು ಕೊಡುತ್ತೇನೆ. ಆದರೆ ನನ್ನದೊಂದು ಷರತ್ತು. ನಮ್ಮಮ್ಮ ಎಸ್ತರ್, ಹರೆಯದಲ್ಲಿ ಗಂಡನ ಜೊತೆ ಈ ಊರುಗಳಲ್ಲೇ ಮನೆ ಹುಡುಕಿದವಳು. ಕಿಟಕಿಯಲ್ಲಿ ಬಾಡಿಗೆಗೆ ಎಂಬ ಬೋರ್ಡು ತೂಗುತ್ತಿರುವಾಗಲೇ, ಮನೆ ಹೋಯಿತು ಎಂದು ಹನ್ನೊಂದು ಬಾಗಿಲುಗಳು ಹೇಳಿದವಂತೆ. ಅವಳು ಬೀದಿಗಿಳಿದು ಮೆರವಣಿಗೆ ನಡೆದಳು, ಜೈಲಿಗೂ ಹೋದಳು; ಕಾನೂನು ಬಂತು. ಬಾಗಿಲು ತೆರೆಯಲಿಲ್ಲ. ಈ ಅಮ್ಮ ತಾವೇ ಬಂದು, ನಮ್ಮಮ್ಮನ ಕೈಗೆ ಕೀಲಿ ಕೊಡಬೇಕು. ಮಗ ಅಲ್ಲ, ಸೊಸೆ ಅಲ್ಲ, ಅಂಚೆ ಅಲ್ಲ."

ದುಭಾಷಿಯ ದನಿ ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಿತು. ಪದ್ಮಮ್ಮ ಮೇಜಿನ ಅಂಚು ನೋಡುತ್ತ, "ಬರ್ತೀನಿ," ಎಂದರು.

ಮೇ ತಿಂಗಳ ಮೊದಲ ದಿನ. ಶ್ರೀಹರಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಸಿಗದಂತೆ ಅವನೇ ನೋಡಿಕೊಂಡಿರಬಹುದು. ವಸುಧಾಳೇ ಅತ್ತೆಯನ್ನು ಕೂರಿಸಿಕೊಂಡು ಹೊರಟಳು. ಕೊನೆಯ ಸಿಗ್ನಲ್ಲಿನಲ್ಲಿ ಪದ್ಮಮ್ಮ ಮುಂದೆ ನೋಡುತ್ತಲೇ ಕೇಳಿದರು.

"ನಿಮ್ಮಪ್ಪ ಅವತ್ತು ಬಾಗಿಲು ತೆಗೆದು ನೋಡಿದ್ರು, ಅಲ್ವಾ?"

"ನೋಡಿದ್ರು."

"ಗೊತ್ತಿತ್ತು. ಬಾಗಿಲು ತೆಗೆದ ಸದ್ದು ಕೇಳಿಸ್ತು ನನಗೆ."

"ಗೊತ್ತಿದ್ದೂ..."

"ಗೊತ್ತಿದ್ದೂ ಒರೆಸಿದೆ. ನಿಲ್ಲಿಸ್ಲಿಲ್ಲ. ನಿಲ್ಲಿಸಿದ್ರೆ, ನಾನು ಮಾಡ್ತಿದ್ದದ್ದು ತಪ್ಪು ಅಂತ ಆಗ್ತಿತ್ತಲ್ಲೇ... ಅದಕ್ಕೇ ಇನ್ನೂ ಜೋರಾಗಿ ಒರೆಸಿದೆ. ವಸುಧಾ, ನಾನು..."

"ಬೇಡ ಅತ್ತೆ." ಸಿಗ್ನಲ್ಲು ಹಸಿರಾಗಿತ್ತು. ಹಿಂದಿನ ಕಾರು ಹಾರ್ನ್ ಹೊಡೆಯಿತು. "ನನ್ನ ಹತ್ರ ಕ್ಷಮೆ ಕೇಳಬೇಡಿ. ಅದನ್ನ ಕೊಡಬೇಕಾದವರು ಬದುಕಿಲ್ಲ. ಅವರ ಬದಲಿಗೆ ನಾನು ಕೊಡಲಾರೆ."

ಪದ್ಮಮ್ಮ ತಲೆಯಾಡಿಸಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ವಸುಧಾಳ ಕಣ್ಣೂ ತುಂಬಿತ್ತು. ಆದರೆ ಅದು ಕರುಣೆಯೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ. ಅದನ್ನು ಬೇರ್ಪಡಿಸಿ ನೋಡುವ ಶಕ್ತಿ ಆ ಪರಮಾತ್ಮನಿಗೊಬ್ಬನಿಗೇ ಇದೆ.

ಮನೆಯ ಮುಂದೆ ಒಳ್ಳೆಯ ಬಿಸಿಲು. ಇಳಿಜಾರಿನ ತುದಿಯಲ್ಲಿ, ಮುಚ್ಚಿದ ಬಾಗಿಲ ಎದುರಿಗೆ ಎಸ್ತರ್ ಗಾಲಿಕುರ್ಚಿಯಲ್ಲಿ ಕೂತಿದ್ದರು. ನೀಲಿ ಹ್ಯಾಟು, ಚರ್ಚಿಗೆ ಹೋಗುವವರ ಹಾಗೆ ಇಸ್ತ್ರಿ ಮಾಡಿದ ಉಡುಪು. ಪಕ್ಕದಲ್ಲಿ ಲೊರೆಟಾ. ಪದ್ಮಮ್ಮ ಕೀಲಿ ಹಿಡಿದು ಮೇಲೆ ಹತ್ತಿದರು. ವಸುಧಾ ಹುಲ್ಲಿನ ಮೇಲೇ ನಿಂತಳು.

ನಮ್ಮ ಕಡೆ ಕೊಡುವ ಕೈಗೂ ಪಡೆಯುವ ಕೈಗೂ ನಡುವೆ ಒಂದು ಗೇಣು ಗಾಳಿ ಇರುತ್ತಿತ್ತು. ನೀರಾಗಲಿ, ಕಾಸಾಗಲಿ, ದೇವರ ಪ್ರಸಾದವೇ ಆಗಲಿ, ಕೇರಿಯವರ ಬೊಗಸೆಗೆ ಮೇಲಿನಿಂದ ಬೀಳುತ್ತಿತ್ತು. ನಾಗರಾಜ ಮೇಷ್ಟ್ರಿಗೆ ಮೊದಲ ಸಂಬಳವೂ ಹಾಗೆಯೇ ಬಿದ್ದಿತ್ತಂತೆ. ವಸುಧಾಳ ಕಣ್ಣು ಬೇರೇನನ್ನೂ ನೋಡಲಿಲ್ಲ. ಆ ಒಂದು ಗೇಣನ್ನೇ ನೋಡಿತು. ಅತ್ತೆಯ ಕೈ ಚಾಚಿತು. ಗಾಳಿಯಲ್ಲಿ ನಿಂತಿತು. ಅಭ್ಯಾಸವೆಂಬುದು ಎಲುಬಿನೊಳಗೆ ಇರುತ್ತದೆ.

ಎಸ್ತರ್ ಕೈ ಮೇಲೆತ್ತಲಿಲ್ಲ. ಮಡಿಲ ಮೇಲೆ ಅಂಗೈ ತೆರೆದಿಟ್ಟುಕೊಂಡು, ಮುಖವೆತ್ತಿ ಪದ್ಮಮ್ಮನನ್ನು ನೋಡುತ್ತ ಸುಮ್ಮನೆ ಕಾದರು. ಅರವತ್ತು ವರ್ಷ ಕಾದವರಿಗೆ ಇನ್ನೊಂದು ಗಳಿಗೆ ಹೆಚ್ಚೇನು?

ಪದ್ಮಮ್ಮ ಸೊಸೆಯ ಕಡೆ ತಿರುಗಲಿಲ್ಲ. ಏನನ್ನಾದರೂ ಹೇಳು ಎಂದು ಕೇಳಲಿಲ್ಲ. ಒಂದು ಕೈಯಿಂದ ಇಳಿಜಾರಿನ ಕಟಕಟೆ ಹಿಡಿದು, ನೋಯುವ ಮಂಡಿಗಳನ್ನು ಒಂದೊಂದಾಗಿ ಮಡಿಸಿ, ಆ ಮರದ ಹಲಗೆಯ ಮೇಲೆ ಕುಳಿತರು. ಕೀಲಿಯನ್ನು ಎಸ್ತರ್ ಅವರ ಅಂಗೈಯಲ್ಲಿಟ್ಟು, ಆ ಮುದಿ ಬೆರಳುಗಳನ್ನು ತಮ್ಮ ಬೆರಳುಗಳಿಂದ ಒಂದೊಂದಾಗಿ ಮುಚ್ಚಿದರು.